ಅಳ್ಳಾಡಿದರೆ ಎಂಬಿ

ಪ್ರಕಟಣೆಯ ಕೊನೆಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದು ಮಾತಿತ್ತು: ‘ವಿಡಿಯೊ ಗಾತ್ರ ಇಪ್ಪತ್ತೈದು ಎಂ.ಬಿ. ಮೀರಬಾರದು. ಗುಣಮಟ್ಟ ಉತ್ತಮವಾಗಿರಬೇಕು.’ ಅರ್ಧ ಮುದ್ದೆ ಬಡಿಸುತ್ತೇವೆ, ಹೊಟ್ಟೆ ತುಂಬಿಸಿಕೊಳ್ಳಿ ಎಂಬ ಧಾಟಿಯ ಈ ಮಾತನ್ನು ಬರೆದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅವನಿಗೆ ಹೆಂಡತಿಯಿದ್ದಳೋ, ಇದ್ದರೆ ಅವನ ಮನೆಯಲ್ಲೇ ಇದ್ದಳೋ, ಅದೂ ಗೊತ್ತಿಲ್ಲ. ಕಿರಂಗೂರಿನ ಧರ್ಮೇಂದ್ರನ ಹೆಂಡತಿಯಂತೂ ಅವನ ಮನೆಯಲ್ಲಿರಲಿಲ್ಲ.

ಮಾನಸ ಹೆರಿಗೆಗೆಂದು ಬೂಕನಕೆರೆಯ ತವರಿಗೆ ಹೋದವಳು. ಗಂಡುಮಗುವಾಯಿತು, ಬಾಣಂತನ ಮುಗಿಯಿತು, ಕರೆದುಕೊಂಡು ಬರುವುದೊಂದು ಉಳಿಯಿತು. ಅದು ಉಳಿದೇ ಇತ್ತು. ಅತ್ತೆ ಪುಟ್ಟಲಕ್ಷ್ಮಮ್ಮ ಕಳಿಸುವುದಿಲ್ಲವೆಂದು ಯಾವತ್ತೂ ಹೇಳಿದವರಲ್ಲ. ಮಗುವಿಗೆ ಕತ್ತು ನಿಲ್ಲಲಿ ಎಂದರು. ಕತ್ತು ನಿಂತಿತು, ಆಷಾಢ ಬಂತು. ಆಷಾಢ ಕಳೆಯಿತು, ಶೀತ ಬಂತು. ಶೀತ ಇಳಿಯುವಷ್ಟರಲ್ಲಿ ಹಲ್ಲು ಬರತೊಡಗಿ, ಹಲ್ಲು ಬರುವ ಮಗುವಿಗೆ ನೀರು ಬದಲಾಗಬಾರದೆಂಬ ಹೊಸ ಶಾಸ್ತ್ರವೊಂದು ಬೂಕನಕೆರೆಯಲ್ಲಿ ಜಾರಿಗೆ ಬಂತು. ಬಂದಿರುವುದು ಎರಡು ಹಲ್ಲು. ಬಾಯಿಯಲ್ಲಿ ಇನ್ನೆಷ್ಟು ಜಾಗವಿದೆ ಎಂದು ಯೋಚಿಸಿದ ದಿನ ಧರ್ಮೇಂದ್ರನಿಗೆ ಊಟ ಸೇರಲಿಲ್ಲ. ಸೇರಿದ್ದರೂ ಅದು ಅವನೇ ಬೇಯಿಸಿಕೊಂಡ ಊಟ.

ಅವನು ಶ್ರೀರಂಗಪಟ್ಟಣದ ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಮಗನನ್ನು ನೋಡಬೇಕೆಂದೇ ದೊಡ್ಡ ಪರದೆಯ, ಭಾರೀ ಕ್ಯಾಮರಾದ ಫೋನು ಕೊಂಡಿದ್ದ. ಸಂಜೆ ಮಾನಸ ವಿಡಿಯೊ ಕಾಲ್ ಮಾಡಿ, ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಫೋನು ಹಿಡಿದು ಮಾತಾಡುವಳು. ಧರ್ಮೇಂದ್ರನಿಗೆ ಒಂದು ದಿನ ಮಗನ ಎಡಗಾಲು, ಇನ್ನೊಂದು ದಿನ ತೊಟ್ಟಿಲ ಹಗ್ಗ, ಹೆಚ್ಚಿನ ದಿನ ಅತ್ತೆಮನೆಯ ಹೆಂಚು ಕಾಣುತ್ತಿದ್ದವು. ಇಡೀ ಮಗುವನ್ನು ಒಟ್ಟಿಗೆ ನೋಡಿದ ನೆನಪು ಅವನಿಗೆ ಮಾಸುತ್ತ ಬಂದಿತ್ತು.

ಆ ಭಾನುವಾರ ಅವನು ಗಟ್ಟಿಮನಸ್ಸು ಮಾಡಿ, ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿ, ಬೂಕನಕೆರೆಗೆ ಬಂದಿಳಿದ. ಮಾನಸಳೂ ಬ್ಯಾಗು ಕಟ್ಟಿ ಜಗಲಿಗೆ ತಂದಿಟ್ಟಿದ್ದಳು. ಅತ್ತೆ ಅಚ್ಚರಿಯೆಂಬಂತೆ ಹಲ್ಲಿನ ಸುದ್ದಿ ಎತ್ತಲಿಲ್ಲ.

“ಕರ್ಕೊಂಡೋಗಪ್ಪ, ಬ್ಯಾಡ ಅಂದೋರ್ಯಾರು. ಒಂದ್ ಸಣ್ಣ ಕೆಲ್ಸ ಅದೆ. ಅದೊಂದ ಮಾಡ್ಕೊಟ್ಬುಟ್ಟು ಕರ್ಕೊಂಡೋಗು,” ಎಂದರು.

ಸಣ್ಣ ಕೆಲಸವೆಂದರೆ ಇದು. ಮೈಸೂರಿನ ಯಾವುದೋ ಸಂಸ್ಥೆಯವರು ಸೋಬಾನೆ ಪದಗಳ ಸ್ಪರ್ಧೆ ಇಟ್ಟಿದ್ದರು. ಹಾಡಿದ ವಿಡಿಯೊವನ್ನು ಅವರ ವೆಬ್‌ಸೈಟಿಗೆ ಹಾಕಬೇಕು. ಅಂದೇ ಕೊನೆಯ ದಿನ, ಸಂಜೆ ನಾಲ್ಕರವರೆಗೆ ಗಡುವು. ಪುಟ್ಟಲಕ್ಷ್ಮಮ್ಮ ಸುತ್ತಲ ಹಳ್ಳಿಗಳ ಮದುವೆಗಳಲ್ಲಿ ಹಾಡಿ ಹಾಡಿ ಹೆಸರು ಮಾಡಿದವರು. ಆದರೆ ಚಪ್ಪರಕ್ಕೆ ಡಿಜೆ ಬಂದ ಮೇಲೆ ಎರಡು ನುಡಿ ಮುಗಿಯುವಷ್ಟರಲ್ಲಿ ‘ಸಾಕು ಬುಡಮ್ಮೋ’ ಅನ್ನುವವರೇ ಹೆಚ್ಚಾಗಿದ್ದರು. ಒಂದು ಸಲವಾದರೂ, ಸಾಕು ಎನ್ನುವವರಿಲ್ಲದ ಕಡೆ ಪೂರ್ತಿ ಹಾಡಬೇಕೆಂಬುದು ಅವರ ಆಸೆ. ಆಸೆ ಅವರದು, ಫೋನು ಅಳಿಯನದು.

ಇಷ್ಟೇ ತಾನೆ ಎಂದು ಧರ್ಮೇಂದ್ರ ಹಿಗ್ಗಿದ. ಹೀಗೆ ಹಿಗ್ಗುವುದು ಅವನ ಹಳೆಯ ರೋಗ.

ರೇಷ್ಮೆ ಸೀರೆಯುಟ್ಟ ಹೆಂಗಸರು ಜಗಲಿ ತುಂಬ ಕೂತರು. ನಡುವೆ ಪುಟ್ಟಲಕ್ಷ್ಮಮ್ಮ, ಬಲಕ್ಕೆ ಅವರ ಜೊತೆಗಾತಿ ಅಣ್ಣಮ್ಮ, ಎಡಕ್ಕೆ ಎರಡನೇ ದನಿ ಎತ್ತುವ ಮಾನಸ, ಅವಳ ತೊಡೆಯ ಮೇಲೆ ಮಗು. ಧರ್ಮೇಂದ್ರ ಫೋನಿನಲ್ಲಿ ಇದ್ದದ್ದರಲ್ಲೇ ಅತಿ ಶ್ರೇಷ್ಠ ಗುಣಮಟ್ಟವನ್ನು ಆರಿಸಿ, ಉಸಿರು ಬಿಗಿಹಿಡಿದು ಚಿತ್ರಿಸಿದ. ಅತ್ತೆ ಆರಿಸಿಕೊಂಡದ್ದು ಅಳಿಯನನ್ನು ಜರಿಯುವ ಪದ.

“ಆನೆ ಏರಿ ಬತ್ತೀನಂದ, ಆಟೋದಲ್ಲಿ ಬಂದ ಸೋಬಾನೆ
ಹೋಳಿಗೆಗೆ ತುಪ್ಪ ಸಾಲ್ದೆ ಮೋರೆ ಊದ್ಸ್ಕಂಡ ಸೋಬಾನೆ”

ಪ್ರತಿ ನುಡಿಗೂ ಅಣ್ಣಮ್ಮ ಕೈ ನೀಡಿ ಧರ್ಮೇಂದ್ರನನ್ನೇ ತೋರಿಸುತ್ತಿದ್ದಳು. ಕ್ಯಾಮರಾದ ಹಿಂದಿದ್ದವನು ತನ್ನ ಮಾನವನ್ನು ಅತ್ಯುತ್ತಮ ಗುಣಮಟ್ಟದಲ್ಲಿ ದಾಖಲಿಸಿಕೊಂಡ.

ವೆಬ್‌ಸೈಟಿಗೆ ಹಾಕಲು ಹೋದರೆ ಅದು ‘ಗಾತ್ರ ಮಿತಿ ಮೀರಿದೆ’ ಎಂದು ಕೆಂಪಗೆ ಉಗಿಯಿತು. ಆಗಲೇ ಅವನು ಇರುವೆ ಸಾಲನ್ನು ಓದಿದ್ದು. ಓದುತ್ತಿದ್ದಂತೆ ಪಕ್ಕದ ಮನೆಯ ಬೋರಯ್ಯ ಬಂದು ನಿಂತ. ಬೋರಯ್ಯ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಡೆ ಕೆಲಸ ಮಾಡಿ ನಿವೃತ್ತನಾದವನು. ಗಾತ್ರ, ತೂಕ ಎಂಬ ಶಬ್ದಗಳು ಯಾರ ಬಾಯಿಂದ ಬಿದ್ದರೂ ಅದು ತನ್ನನ್ನು ಕರೆದಂತೆ ಎಂದೇ ತಿಳಿದಿದ್ದ.

“ಏನ್ ಅಳಿಯಂದ್ರೆ, ಎಷ್ಟದೆ ಮಾಲು?” ಎಂದು ಕೇಳಿದ.

“ಎರಡು ಜಿಬಿ ಮಾವ. ಅಂದ್ರೆ ಎರಡು ಸಾವ್ರ ಎಂಬಿ.”

“ಬೇಕಾಗಿರಾದು?”

“ಇಪ್ಪತ್ತೈದು.”

ಬೋರಯ್ಯ ತಲೆ ತೂಗಿದ. “ಒಂದ್ ಲೋಡ್ ಕಬ್ಬ ಸೈಕಲ್ ಮ್ಯಾಲ್ ಕಟ್ಟು ಅಂತಾವ್ರೆ. ಕಟ್ಬೋದು ಬುಡಿ. ಕಟ್ಟೋ ಅಂಗೆ ಕಟ್ಟಬೇಕು ಅಷ್ಟೆಯ.”

ಕಟ್ಟುವ ಉಪಾಯಗಳು ಅವನಲ್ಲಿ ಸಾಲಾಗಿದ್ದವು. ರಸ್ತೆಯ ಆ ತುದಿಯಿಂದ ತೆಗೆದರೆ ಹೆಂಗಸರು ಸಣ್ಣಗೆ ಕಾಣುತ್ತಾರೆ, ಸಣ್ಣಗೆ ಕಂಡರೆ ಗಾತ್ರವೂ ಸಣ್ಣದಾಗುತ್ತದೆ ಎಂಬುದು ಮೊದಲನೆಯದು. ತೂಕ ಹೆಚ್ಚಿರುವ ಇಬ್ಬರನ್ನು ಎಬ್ಬಿಸಿ ಕಳಿಸುವುದು ಎರಡನೆಯದು. ಹೀಗೆಂದಾಗ ಅವನ ಕಣ್ಣು ಅಣ್ಣಮ್ಮನ ಕಡೆ ಹೋದದ್ದರಿಂದ ಆ ಉಪಾಯ ಅಲ್ಲೇ ಸತ್ತಿತು. ಕೊನೆಗೆ, ವಾಟ್ಸಾಪಿನಲ್ಲಿ ಕಳಿಸಿದ್ದೆಲ್ಲ ದಾರಿಯಲ್ಲೇ ಸವೆದು ಸಣ್ಣದಾಗಿ ಬರುತ್ತದೆ, ನನಗೆ ಕಳಿಸಿ, ನಾನು ವಾಪಸು ಕಳಿಸುತ್ತೇನೆ ಎಂದ. ಇದು ಮಾತ್ರ ನಿಜವಾಗಿತ್ತು. ಹೋಗಿ ಬರುವಷ್ಟರಲ್ಲಿ ಅದು ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನ ಹಾಗೆ ಬಡವಾಗಿ, ಗುರುತು ಸಿಗದಂತಾಗಿ ಬಂತು. ಅಷ್ಟಾಗಿಯೂ ಇಪ್ಪತ್ತೈದರೊಳಗೆ ಬಂದಿರಲಿಲ್ಲ.

ಪುಟ್ಟಲಕ್ಷ್ಮಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ದೂರ ಹಿಡಿದು ನೋಡಿದರು.

“ನನ್ ಮೂಗ್ಬೊಟ್ಟು ಎಲ್ಲೋಯ್ತು?”

“ಗಾತ್ರ ಕಮ್ಮಿ ಮಾಡ್ದಾಗ ಸಣ್ಣಪುಟ್ಟದ್ದು ಓಯ್ತದೆ ಅತ್ತೆ.”

“ಸಣ್ಣಪುಟ್ಟದ್ದಾ? ನಮ್ಮತ್ತೆ ಆಕಿದ್ ಮೂಗ್ಬೊಟ್ಟು ಕಣಪ್ಪ ಅದು. ಮೂಗೇ ಇಲ್ವಲ್ಲ ಇದ್ರಲ್ಲಿ. ಮುದ್ದೆಗೆ ಸೀರೆ ಉಡ್ಸ್ದಂಗದೆ.”

ಮೂಗುಬೊಟ್ಟು ಕಾಣದೆ ವಿಡಿಯೊ ಹೋಗುವುದಿಲ್ಲ, ವಿಡಿಯೊ ಹೋಗದೆ ಮಗಳು ಹೋಗುವುದಿಲ್ಲ ಎಂಬುದು ಅವರು ಬಾಯಿ ಬಿಟ್ಟು ಹೇಳದಿದ್ದರೂ ಜಗಲಿಗೆಲ್ಲ ಕೇಳಿಸಿತು. ಮಾನಸ ಬ್ಯಾಗನ್ನು ಒಂದು ಗೇಣು ಒಳಕ್ಕೆ ಸರಿಸಿದಳು.

ಬಸ್‌ ನಿಲ್ದಾಣದ ಎದುರಿಗೆ ಕಿಶನ್‌ನ ಜೆರಾಕ್ಸ್ ಅಂಗಡಿ. ಪಹಣಿ ತೆಗೆಯುವುದು, ಆಧಾರ್ ತಿದ್ದುವುದು, ಪಾಸ್‌ಪೋರ್ಟ್ ಫೋಟೊದಲ್ಲಿ ಕಪ್ಪಗಿದ್ದವರನ್ನು ಕೇಳದೆಯೇ ಬೆಳ್ಳಗೆ ಮಾಡುವುದು, ಎಲ್ಲ ಅಲ್ಲೇ. ಊರಿನ ಮಗಳ ಗಂಡ ಎಂಬ ಕಾರಣಕ್ಕೆ ಕಿಶನ್ ಧರ್ಮೇಂದ್ರನನ್ನು ಬಾವ ಅನ್ನುತ್ತಿದ್ದ. ಬೋರಯ್ಯನೂ ಕರೆಯದಿದ್ದರೂ ಜೊತೆಗೆ ಬಂದು, ಅಂಗಡಿಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತ.

ಕಿಶನ್ ಎರಡು ಜಿಬಿಯನ್ನು ಕಂಪ್ಯೂಟರಿಗೆ ಸುರಿದು, ಇಪ್ಪತ್ತೈದರ ಅಚ್ಚಿಗೆ ಒತ್ತಿ ಕೂರಿಸಿದ. ಹೆಂಗಸರು ಸುಮ್ಮನೆ ಕೂತಿದ್ದ ಕಡೆ ಮೂಗುಬೊಟ್ಟೇನೋ ಕಂಡಿತು. ಅಣ್ಣಮ್ಮ ಕೈ ಎತ್ತಿದ ಕೂಡಲೇ ಕೈಯೆಲ್ಲ ಚೌಕ ಚೌಕವಾಗಿ ಒಡೆದು, ಬಚ್ಚಲಿಗೆ ಹಾಸಿದ ಟೈಲ್ಸಿನಂತಾಯಿತು. ಅತ್ತೆ ತಲೆದೂಗಿದಾಗ ಅವರ ಮುಖ ಹಿಂದಿನ ಗೋಡೆಗೆ ಮೆತ್ತಿಕೊಂಡಿತು. ಮಗು ಕಾಲಾಡಿಸಿದ ಕಡೆ ಮಗುವೇ ಇರಲಿಲ್ಲ.

“ನೋಡಿ ಬಾವ, ವಿಡಿಯೊ ಅಂದ್ರೆ ಫೋಟೊಗಳ ಸರ ಅಷ್ಟೆಯ,” ಎಂದು ಕಿಶನ್ ವಿವರಿಸಿದ. “ಇಂದಿನ್ ಫೋಟೊಗೂ ಮುಂದಿನ್ ಫೋಟೊಗೂ ಏನ್ ಬದ್ಲಾಗದೆ, ಅದನ್ ಮಾತ್ರ ಅದು ಒಸ್ದಾಗಿ ಬರ್ಕೊಳಾದು. ಅಳ್ಳಾಡ್ದಷ್ಟೂ ಎಂಬಿ ತಿಂತದೆ. ಅಳ್ಳಾಡ್ದೆ ಇದ್ರೆ ಎಂಬಿನೂ ಬ್ಯಾಡ, ಮೂಗ್ಬೊಟ್ಟೂ ಉಳ್ಕತದೆ.”

ಅವನು ಹೇಳಿದ್ದು ಸರಿಯಾದ ಮಾತು. ಸರಿಯಾದ ಮಾತು ಬೋರಯ್ಯನ ಕಿವಿಗೂ ಬಿದ್ದದ್ದೇ ತಪ್ಪಾದದ್ದು.

ಇಬ್ಬರೂ ಮನೆ ಮುಟ್ಟುವ ಮೊದಲೇ ಸುದ್ದಿ ಬೀದಿ ಮುಟ್ಟಿತ್ತು. ಅಳ್ಳಾಡಿದರೆ ಎಂಬಿ ಖರ್ಚಾಗುತ್ತದಂತೆ, ಅದಕ್ಕೇ ನಮ್ಮ ಫೋನೆಲ್ಲ ಬೇಗ ತುಂಬುವುದು ಎಂದು ಹಾಲಿನ ಡೈರಿಯ ಕಟ್ಟೆಯಲ್ಲಿ ಕೂತವರು ಒಪ್ಪಿಕೊಂಡಿದ್ದರು. ಮತ್ತೆ ಚಿತ್ರಿಸುವುದೆಂದು ತೀರ್ಮಾನವಾಯಿತು. ನಿರ್ದೇಶನವನ್ನು ಬೋರಯ್ಯ, ಯಾರೂ ಕೊಡದಿದ್ದರೂ, ವಹಿಸಿಕೊಂಡ.

ಹಿಂದಿನ ದಾಳಿಂಬೆ ಗಿಡದ ಎಲೆ ಅಳ್ಳಾಡುತ್ತದೆಂದು ಅಡ್ಡಲಾಗಿ ಬಿಳಿ ಪಂಚೆ ಕಟ್ಟಿಸಿದ. ಪಂಚೆ ಗಾಳಿಗೆ ಅಳ್ಳಾಡಿತೆಂದು ಅದರ ಕೆಳಗಂಚಿಗೆ ಸೇರುಕಲ್ಲು ಕಟ್ಟಿಸಿದ. ಜಗಲಿಯ ಫ್ಯಾನು ನಿಂತಿತು. ಮುಡಿದ ಹೂವು ತೂಗಾಡುತ್ತದೆಂದು ತೆಗೆಸಲು ಹೋದವನಿಗೆ ಅಣ್ಣಮ್ಮ, “ನನ್ ಗಂಡ ಬದ್ಕವ್ನೆ ಕಣ್ ಬೋರಣ್ಣ,” ಎಂದಷ್ಟೇ ಹೇಳಿದಳು. ಹೂವು ಉಳಿಯಿತು. ಕೋಳಿಗಳನ್ನು ಮಂಕರಿಯಡಿ ಮುಚ್ಚಿದ್ದಾಯಿತು. ಕೈ ಎತ್ತಿ ಹಾಡಿಯೇ ಅಭ್ಯಾಸವಾದ ಹೆಂಗಸರಿಗೆಲ್ಲ ತಮ್ಮ ಕೈಗಳ ಮೇಲೆ ತಾವೇ ಕೂರಬೇಕೆಂದು ಅಪ್ಪಣೆಯಾಯಿತು.

ಮೊದಲ ಸಲ ಅಣ್ಣಮ್ಮ ಬಾಯಲ್ಲಿದ್ದ ಎಲೆಅಡಿಕೆ ಅಗಿದಳು. ಎರಡನೇ ಸಲ ಅವಳು ಅಗಿಯದೆ ನುಂಗಿದಳು, ಬಿಕ್ಕಳಿಕೆ ಬಂತು, ಸಾಲಿಗೆ ಸಾಲೇ ನಕ್ಕಿತು. ಮೂರನೇ ಸಲ ಎಲ್ಲ ಸರಿಯಿದ್ದಾಗ ನಿರ್ದೇಶಕನೇ ನೊಣ ಓಡಿಸಲು ಕ್ಯಾಮರಾ ಮುಂದೆ ಹಾಯ್ದ.

“ನೊಣ ಅಳ್ಳಾಡ್ತಿತ್ತು ಕಣ್ರಿ,” ಎಂದು ಸಮಜಾಯಿಷಿ ಕೊಟ್ಟ.

“ನೊಣ ಎಷ್ಟ್ ಎಂಬಿ ತಿನ್ನದು ಮಾವ? ನೀವ್ ಎಷ್ಟ್ ತಿಂದ್ರಿ?” ಎಂದು ಧರ್ಮೇಂದ್ರ ಅಂದು ಮೊದಲ ಬಾರಿ ದನಿ ಎತ್ತಿದ. ದನಿಗೆ ಮಗು ಎಚ್ಚರವಾಯಿತು.

ಮಗುವನ್ನು ಎಬ್ಬಿಸಿದವನೇ ಮಲಗಿಸಬೇಕು ಎಂದು ಮಾನಸ ಅದನ್ನು ತಂದು ಗಂಡನ ತೋಳಿಗೆ ಹಾಕಿದಳು. ಇಡೀ ಮಗು, ಎರಡು ಕಾಲು, ಎರಡು ಹಲ್ಲು ಸಮೇತ. ಧರ್ಮೇಂದ್ರ ಹಟ್ಟಿಯ ತುಂಬ ಓಡಾಡಿದ. ಭುಜದ ಮೇಲೆ ಹಾಕಿದರೆ ಅದು ಅಂಗಿಯ ಕಾಲರು ಚೀಪಿತು, ಕೆಳಗಿಳಿಸಿದರೆ ಅತ್ತಿತು. ಕಣ್ಣು ಮುಚ್ಚಿತೆಂದು ನಿಂತರೆ ತೆರೆಯಿತು. ಹೆಂಗಸರೆಲ್ಲ ಕೈಮೇಲೆ ಕೂತು ಅವನನ್ನೇ ನೋಡುತ್ತಿದ್ದರು. ಕಡೆಗೆ ಅದು ಬಿಸಿ ಮುದ್ದೆಯ ಹಾಗೆ ಅವನ ಎದೆಗೊರಗಿ ನಿದ್ದೆ ಹೋದಾಗ ಅವನಿಗೂ ಅಲ್ಲೇ ಗೋಡೆಗೊರಗಿ ಹೀಗೇ ಇದ್ದುಬಿಡೋಣ ಅನ್ನಿಸಿತು. ಆದರೆ ಗಡುವಿತ್ತು.

ನಾಲ್ಕನೇ ಸಲ ಯಾರೂ ಅಳ್ಳಾಡಲಿಲ್ಲ. ಬೆವರು ಹಣೆಯಿಂದಿಳಿದು ಕಣ್ಣಿಗೆ ಹೋದರೂ ಪುಟ್ಟಲಕ್ಷ್ಮಮ್ಮ ರೆಪ್ಪೆ ಹೊಡೆಯಲಿಲ್ಲ. ತುಟಿ ಆಡಿದರೂ ಎಂಬಿ ಎಂದು ಬೋರಯ್ಯ ಹೇಳಿದ್ದರಿಂದ ಹಲ್ಲು ಕಚ್ಚಿ, ತುಟಿಯನ್ನು ಅಕ್ಕಿಕಾಳು ತೂರುವಷ್ಟು ಮಾತ್ರ ತೆರೆದು ಹಾಡಿದರು. ಆನೆ ಏರಿ ಬರುತ್ತೇನೆಂದ ಅಳಿಯನನ್ನು ಜರಿಯುವ ಪದ, ಬ್ಯಾಂಕಿನ ನೋಟಿಸು ಓದಿದಂತೆ, ಎಲ್ಲಿಂದಲೋ ಕೇಳಿಬಂತು. ಆದರೆ ಮೂಗುಬೊಟ್ಟು ಫಳಫಳ ಹೊಳೆಯುತ್ತಿತ್ತು. ಮಾನಸಳ ತೊಡೆಯ ಮೇಲೆ ಮಗು ನಿದ್ದೆಯಲ್ಲಿ ಒಂದಿಷ್ಟು ನಗುತ್ತ, ಆ ನಗುವನ್ನೂ ಅಳ್ಳಾಡಿಸದೆ ಮಲಗಿತ್ತು.

ಕಿಶನ್ ಅದನ್ನೂ ಅಚ್ಚಿಗೆ ಒತ್ತಿ, ಒಂದು ಪ್ರತಿಯನ್ನು ಧರ್ಮೇಂದ್ರನ ಫೋನಿಗೂ ಹಾಕಿಕೊಟ್ಟ. ಹತ್ತೊಂಬತ್ತು ಎಂಬಿ. ಮೂಗುಬೊಟ್ಟಿನ ಹರಳು ಎಣಿಸಬಹುದಾಗಿತ್ತು. ಗಡುವಿಗೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ವಿಡಿಯೊ ವೆಬ್‌ಸೈಟಿನ ಹೊಟ್ಟೆ ಸೇರಿತು. ‘ಸ್ವೀಕರಿಸಲಾಗಿದೆ’ ಎಂಬ ಹಸಿರು ಅಕ್ಷರ ಕಂಡು ಧರ್ಮೇಂದ್ರ ಕಿಶನ್‌ನನ್ನು ತಬ್ಬಿಕೊಂಡ. ಬೋರಯ್ಯ ತನ್ನನ್ನೂ ತಬ್ಬಲಿ ಎಂದು ಕುರ್ಚಿಯಿಂದೆದ್ದು ನಿಂತಿದ್ದು ವ್ಯರ್ಥವಾಯಿತು.

ಸಂಜೆ ಹಟ್ಟಿಯಲ್ಲಿ ನಾಟಿಕೋಳಿ ಸಾರಿನ ವಾಸನೆ ಹರಡಿತ್ತು. ಮಂಕರಿಯಡಿ ಅಳ್ಳಾಡದೆ ಕೂತಿದ್ದವುಗಳಲ್ಲೊಂದು ಕಡಿಮೆಯಾಗಿತ್ತು. ಊಟ ಮುಗಿಯಿತು. ಪುಟ್ಟಲಕ್ಷ್ಮಮ್ಮ ಮಾತಿಗೆ ತಪ್ಪುವವರಲ್ಲ. ಮಗಳನ್ನು ಮಣೆಯ ಮೇಲೆ ಕೂರಿಸಿ, ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ ಇಟ್ಟುಕೊಂಡು ಮಡಿಲು ತುಂಬಲು ನಿಂತರು. ಮಾನಸ ಸೆರಗು ಒಡ್ಡಿದಳು. ಮೊದಲ ಹಿಡಿ ಅಕ್ಕಿ ಸೆರಗಿಗೆ ಬಿತ್ತು. ಆಗ ಧರ್ಮೇಂದ್ರನ ಫೋನು ಹೊಡೆದುಕೊಂಡಿತು.

ಮೈಸೂರಿನ ನಂಬರು. ಹೆಂಗಸರೆಲ್ಲ ಕೇಳಲಿ ಎಂದು ಬೋರಯ್ಯ ಕೈ ಚಾಚಿ ಸ್ಪೀಕರ್ ಒತ್ತಿದ.

“ಸರ್, ಸೋಬಾನೆ ಸ್ಪರ್ಧೆ ಕಡೆಯಿಂದ ಮಾತಾಡ್ತಿರೋದು,” ಎಂದಿತು ಒಂದು ಹುಡುಗಿಯ ದನಿ. “ನೀವು ವಿಡಿಯೊ ಬದಲು ಫೋಟೊ ಕಳಿಸಿದೀರ.”

“ಇಲ್ಲ ಮೇಡಂ, ವಿಡಿಯೊನೇ ಅದು. ಅಳ್ಳಾಡ್ತಿಲ್ಲ, ಅಷ್ಟೆ.”

“ನಾವು ಮೂರು ಜನ ಕೂತು ನೋಡಿದ್ವಿ ಸರ್. ಐದು ನಿಮಿಷ ಯಾರೂ ಒಂದು ಚೂರೂ ಅಲ್ಲಾಡಲ್ಲ. ತುಟಿ ಕೂಡ ಅಲ್ಲಾಡಲ್ಲ, ಆದ್ರೆ ಹಾಡು ಬರುತ್ತೆ. ಫೋಟೊಗೆ ಯಾರದ್ದೋ ಹಾಡು ಅಂಟಿಸಿದ್ರೆ ತಗೊಳಕ್ಕಾಗಲ್ಲ ಸರ್.”

ಯಾರದ್ದೋ ಹಾಡು ಎಂಬ ಮಾತಿಗೆ ಪುಟ್ಟಲಕ್ಷ್ಮಮ್ಮನ ಕೈಯಲ್ಲಿದ್ದ ಎರಡನೇ ಹಿಡಿ ಅಕ್ಕಿ ಗಾಳಿಯಲ್ಲೇ ನಿಂತಿತು. ಧರ್ಮೇಂದ್ರ ಇಪ್ಪತ್ತೈದು ಎಂಬಿಯ ಕತೆಯನ್ನು ಮೊದಲಿಂದ ಹೇಳತೊಡಗಿದ.

“ಅಯ್ಯೋ, ಸೈಜ್ ದೊಡ್ಡದಿದ್ರೆ ಒಂದು ಫೋನ್ ಮಾಡಿದ್ರೆ ಸಾಕಿತ್ತಲ್ಲ ಸರ್,” ಎಂದಳು ಹುಡುಗಿ. “ಬೇರೆಯವರೆಲ್ಲ ಡ್ರೈವ್‌ಗೆ ಹಾಕಿ ಲಿಂಕ್ ಕಳಿಸಿದಾರೆ. ಈಗ ಟೈಮ್ ಮುಗೀತು.” ಆಮೇಲೆ ಅವಳಿಗೆ ಏನೋ ಕನಿಕರ ಹುಟ್ಟಿತು. “ಆದ್ರೂ ಫೋಟೊ ತುಂಬಾ ಚೆನ್ನಾಗಿದೆ ಸರ್. ಆ ಅಮ್ಮನ ಮೂಗುತಿ, ಮಲಗಿರೋ ಪಾಪು. ನಮ್ಮಲ್ಲಿ ಫೋಟೊ ವಿಭಾಗನೂ ಇದೆ, ಅದಕ್ಕೆ ಒಂದೂ ಎಂಟ್ರಿ ಬಂದಿಲ್ಲ. ಅಲ್ಲಿಗೆ ಹಾಕೊಂಡ್ರೆ ಮೊದಲನೇ ಬಹುಮಾನ ನಿಮ್ಗೇನೆ. ಫೋಟೊ ತೆಗೆದವರ ಹೆಸರೇನು ಸರ್?”

ಧರ್ಮೇಂದ್ರ ಅತ್ತೆಯ ಮುಖ ನೋಡಿದ್ದರೆ ಬೇರೆ ಹೆಸರು ಹೇಳುತ್ತಿದ್ದನೋ ಏನೋ. ಅವನು ನೋಡಿದ್ದು ಬ್ಯಾಗನ್ನು. ಬಹುಮಾನ ಯಾವುದಾದರೇನು, ಬಂದರೆ ಮಡಿಲು ತುಂಬುತ್ತದೆ ಎಂದುಕೊಂಡು ತನ್ನ ಹೆಸರನ್ನು ಸ್ಪಷ್ಟವಾಗಿ ಹೇಳಿದ. ಹುಡುಗಿ ಅಭಿನಂದನೆ ತಿಳಿಸಿ ಫೋನಿಟ್ಟಳು.

ಹಟ್ಟಿಯಲ್ಲಿ ಯಾರೂ ಅಳ್ಳಾಡಲಿಲ್ಲ. ಈಗ ಚಿತ್ರಿಸಿದ್ದರೆ ಐದು ಎಂಬಿಯೂ ಆಗುತ್ತಿರಲಿಲ್ಲ.

“ಪದ ನಾನ್ ಆಡ್ದೆ,” ಎಂದರು ಪುಟ್ಟಲಕ್ಷ್ಮಮ್ಮ ಮೆತ್ತಗೆ. “ಬಹುಮಾನ ನಿಂಗ್ ಬಂತು.”

“ಅಂಗಲ್ಲ ಅತ್ತೆ—”

“ಬೋರಣ್ಣ ಕೈ ಕಟ್ಟು ಅಂದ. ಬಾಯ್ನೂ ಕಟ್ಟು ಅಂದ. ನೀನು ಸುಮ್ಕೆ ನೋಡ್ಕಂಡಿದ್ದೆ. ಈಗ ನೋಡುದ್ರೆ ಅದು ಯಾರ್ದೋ ಪದ ಅಂತೆ.” ಎತ್ತಿದ್ದ ಅಕ್ಕಿಯನ್ನು ಅವರು ಮೊರಕ್ಕೇ ಹಾಕಿದರು. ಸೆರಗಿಗೆ ಬಿದ್ದಿದ್ದ ಹಿಡಿಯನ್ನೂ ಒಂದು ಕಾಳು ಬಿಡದೆ ಬಳಿದುಕೊಂಡರು. “ಮುಂದಿನ್ ವರ್ಸ ಮತ್ತೆ ಇಟ್ಟೇ ಇಡ್ತಾರೆ. ಎರಡ್ನೇ ದನಿ ಇಲ್ದೆ ನಾನೆಂಗ್ ಆಡ್ಲಿ? ಮಾನಸ ಇರ್ಲಿ.”

ಮುಂದಿನ ವರ್ಷ ಎಂಬ ಮಾತು ಕೇಳಿ ಧರ್ಮೇಂದ್ರನಿಗೆ, ಬಾರದೆ ಉಳಿದ ಹಲ್ಲುಗಳ ಮೇಲೆ ಪ್ರೀತಿ ಉಕ್ಕಿತು. ತನಗೆ ಹೆಂಡತಿ ಬೇಕು, ಮಗು ಬೇಕು, ಮನೆಯೆಂಬುದು ಮನೆಯಂತಿಲ್ಲ ಎಂದು ಏನೇನೋ ತೊದಲಿದ. ಪುಟ್ಟಲಕ್ಷ್ಮಮ್ಮ ಮೊರವನ್ನು ಒಳಗಿಟ್ಟು ಬಂದು, ಅವನ ಕೈಲಿದ್ದ ಫೋನನ್ನು ಬೆರಳಿಂದ ಮುಟ್ಟಿ ತೋರಿಸಿದರು.

“ಚೆನ್ನಾಗ್ ಬಂದದಂತಲ್ಲಪ್ಪ ಫೋಟೊ. ಅದ್ರಲ್ಲಿ ಮಾನಸನೂ ಅವ್ಳೆ, ಮಗಾನೂ ಅದೆ. ಕರ್ಕೊಂಡೋಗು.”

ಬೋರಯ್ಯ ಬಸ್‌ ನಿಲ್ದಾಣದವರೆಗೂ ಜೊತೆಗೆ ಬಂದ. ಬ್ಯಾಗಿಲ್ಲದ್ದರಿಂದ ಹೊರಲು ಏನೂ ಇರಲಿಲ್ಲ, ಆದರೂ ಬಂದ. ದಾರಿಯುದ್ದಕ್ಕೂ ಸಮಾಧಾನ ಹೇಳಿದ. ಹೆಂಡತಿ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ಯುವುದು ಎಷ್ಟು ಕಷ್ಟ, ಸೀಟು ಸಿಗುವುದಿಲ್ಲ, ಮಗು ಅಳುತ್ತದೆ, ಇದಾದರೆ ಜೇಬಿನಲ್ಲೇ ಕೂರುತ್ತದೆ ಎಂದ.

ಪಾಂಡವಪುರದ ಬಸ್ಸು ಹೊರಟ ಮೇಲೆ ಧರ್ಮೇಂದ್ರ ಕಿಟಕಿಯ ಪಕ್ಕ ಕೂತು ಫೋನು ತೆಗೆದ. ಮಾನಸ ನೇರವಾಗಿ ಅವನನ್ನೇ ನೋಡುತ್ತಿದ್ದಳು. ಮಗು ತಲೆಯಿಂದ ಕಾಲಿನವರೆಗೆ ಪೂರ್ತಿಯಾಗಿ, ನಗುತ್ತ ಮಲಗಿತ್ತು. ಹೆಂಚಿಲ್ಲ, ತೊಟ್ಟಿಲ ಹಗ್ಗವಿಲ್ಲ. ಅವನ ಸಂಸಾರವೆಲ್ಲ ಅಲ್ಲೇ ಇತ್ತು, ಹತ್ತೊಂಬತ್ತು ಎಂಬಿಯೊಳಗೆ. ಗುಣಮಟ್ಟ ಉತ್ತಮವಾಗಿತ್ತು.